ಮೊಬೈಲ್ ರಿಪೇರಿ ಕಲಿತ ಹಮಾಲಿ

ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ ಕಾಲದಿಂದ ಅವನನ್ನು ಎಲ್ಲರೂ ಆನೆ ಎಂದೇ ಕರೆಯುತ್ತಿದ್ದರು. ಬಾಗಿಲು ತುಂಬುವ ಆಳು. ಒಮ್ಮೆ ಲಾರಿಯ ಹಲಗೆ ಜಾರಿ ಬಿದ್ದು ಸೊಂಟ ಕೆಟ್ಟಿತು. ಇನ್ನು ಭಾರ ಮುಟ್ಟಲೇಬೇಡ ಎಂದರು ಡಾಕ್ಟರು. ಆಮೇಲೆ ಮನೆ ನಡೆದದ್ದು ಸರ್ಕಾರದ ಭತ್ಯೆಯಲ್ಲಿ. ಅದಕ್ಕೊಂದು ಷರತ್ತು: ಏನಾದರೂ ಕಸುಬು ಕಲಿಯಬೇಕು, ಸಿಕ್ಕ ಕೆಲಸವನ್ನು ಒಲ್ಲೆ ಎನ್ನಬಾರದು.

ಹೀಗೆ ಆನೆ ಮೊಬೈಲ್ ರಿಪೇರಿ ತರಗತಿಗೆ ಬಂದು ಕೂತ. ಅವನ ಬೆರಳುಗಳ ನಡುವೆ ಸ್ಕ್ರೂ ಎಳ್ಳಿನಂತೆ ಮಾಯವಾಗುತ್ತಿತ್ತು.

"ಅಣ್ಣಾ, ಉಸಿರು ಬಿಡ್ಬೇಡಿ, ಹಾರಿಹೋಗುತ್ತೆ!" ಎಂದು ಪಕ್ಕದ ಬೆಂಚಿನವರು ನಗುತ್ತಿದ್ದರು. ಅವನೂ ನಗುತ್ತಿದ್ದ. ಆದರೆ ಪಟ್ಟು ಬಿಡಲಿಲ್ಲ. ಹೆಂಡತಿಯ ಕೆಟ್ಟುಹೋದ ಫೋನನ್ನು ಬಿಚ್ಚಿ ಜೋಡಿಸಿ, ಮತ್ತೆ ಬಿಚ್ಚಿ ಕೈ ಪಳಗಿಸಿಕೊಂಡ. ಅದು ಒಂದು ಸಂಜೆ ರಿಂಗಾದಾಗ ಅವಳು ಹಿಟ್ಟು ಮೆತ್ತಿದ ಕೈಯಲ್ಲೇ ಓಡಿಬಂದಳು. "ಅಬ್ಬಾ, ಪರವಾಗಿಲ್ವೇ ನೀವು!"

ತರಬೇತಿ ಮುಗಿಯಿತು. ಹೋದ ಅಂಗಡಿಯಲ್ಲೆಲ್ಲ ಅವನಿಗಿಂತ ಮುಂಚೆ ಕಲಿತವರು ಜಾಗ ಹಿಡಿದು ಕೂತಿದ್ದರು. ಕೊನೆಗೆ ಭತ್ಯೆ ಕೊಡುವ ಕಚೇರಿಯವರೇ ಅವನನ್ನು ಫ್ರಿಜ್, ಟಿವಿ, ಮೊಬೈಲ್ ಮಾರುವ ದೊಡ್ಡ ಅಂಗಡಿಗೆ ಕಳಿಸಿದರು. ಮಾಲೀಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ರಿಪೇರಿಗೆ ಜನ ಇದ್ದಾರಪ್ಪ. ಇಂಥ ಮೈ ಇಟ್ಕೊಂಡು ಸ್ಕ್ರೂ ಯಾಕೆ ತಿರುಗಿಸ್ತೀಯ? ಗಾಡಿಯಿಂದ ಮಾಲು ಇಳಿಸು. ನಾಳೆನೇ ಬಾ."

"ಸೊಂಟ ಹೋಗಿದೆ ಸಾರ್."

"ಯಾರಿಗಿಲ್ಲ ಹೇಳು ಸೊಂಟನೋವು?"

ಆನೆ ಕಚೇರಿಗೆ ಓಡಿದ. ಅಲ್ಲಿನ ಮೇಡಂ ಕೆಟ್ಟವರಲ್ಲ. ಅವನನ್ನು ಕೂರಿಸಿ ನೀರು ಕೊಟ್ಟರು. "ಕೆಲಸ ಕೊಟ್ಟಾಯ್ತು ಅಂತ ಅಂಗಡಿಯವರು ಆಗಲೇ ಹೇಳಿಬಿಟ್ಟಿದ್ದಾರೆ. ನೀವು ಹೋಗದಿದ್ರೆ ಭತ್ಯೆ ನಿಲ್ಲುತ್ತೆ. ನಾನೇನೂ ಮಾಡೋಕಾಗಲ್ಲ."

"ಹೋದ್ರೆ?"

"ಹೋದ್ರೂ ನಿಲ್ಲುತ್ತೆ. ಸಂಬಳ ಬರುತ್ತಲ್ಲ."

ಮರುದಿನ ಬೆಳಗ್ಗೆ ಹೆಂಡತಿ ಹಳೆ ಸೀರೆ ಹರಿದು ಅವನ ಸೊಂಟಕ್ಕೆ ಬಿಗಿಯಾಗಿ ಸುತ್ತಿದಳು. "ಹೋಗಲೇಬೇಕಾ?" ಎಂದಳು. ಅವನು ಚಪ್ಪಲಿ ಮೆಟ್ಟಿದ.

ತಿಂಗಳೊಪ್ಪತ್ತಿನಲ್ಲಿ ಬೆನ್ನು ಬಿಲ್ಲಿನಂತಾಯಿತು. ಒಂದು ಮಧ್ಯಾಹ್ನ ತರಗತಿಯ ಮೇಷ್ಟ್ರು ಹೊಸ ತಂಡವನ್ನು ಕಟ್ಟಿಕೊಂಡು ಅಂಗಡಿಗೆ ಬಂದರು. ಫ್ರಿಜ್ ಬೆನ್ನಿಗೇರಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದವನತ್ತ ಹೆಮ್ಮೆಯಿಂದ ಕೈತೋರಿದರು.

"ನೋಡಿ, ಇವರೂ ನಮ್ಮಲ್ಲೇ ಕಲಿತೋರು. ಮುಗಿಸಿದ ತಕ್ಷಣ ಕೆಲಸ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಆನೆಗೆ ತಲೆಯೆತ್ತಿ ನೋಡಲೂ ಆಗಲಿಲ್ಲ. ಹಲ್ಲು ಕಚ್ಚಿಕೊಂಡು, ಮುಂದಿನ ಮೆಟ್ಟಿಲು ಎಲ್ಲಿದೆಯೆಂದು ಕಾಲಿನಲ್ಲೇ ತಡಕಾಡಿದ.