ಹಗೇವಿನೊಳಗೆ ಬಾಣಂತಿ

ಬಿರುಗಾಳಿ ಬರುತ್ತದೆಂದು ಗೊತ್ತಾದಾಗ ನಿಮ್ಮನ್ನೂ ಯಾರಾದರೂ ನೆಲದೊಳಗೆ ಇಳಿಸಿ ಮೇಲೆ ಕಲ್ಲು ಮುಚ್ಚಿದ್ದರೇ? ನಮ್ಮನ್ನು ಮುಚ್ಚಿದ್ದರು. ಹಗೇವು ಗೊತ್ತಲ್ಲ, ಜೋಳ ತುಂಬಿಡಲು ಅಂಗಳದಲ್ಲಿ ತೋಡಿದ ಕುಣಿ. ಬಾಯಿ ಒಬ್ಬರು ಇಳಿಯುವಷ್ಟು ಸಣ್ಣದು, ಒಳಗೆ ಮಾತ್ರ ಕೋಣೆಯಷ್ಟು ಅಗಲ. ಅದರಲ್ಲಿ ಜೋಳದ ಬದಲು ಜನ ಕೂತರೆ ಏನಾಗುತ್ತದೆ ಅಂತ ನಾನು ಹೇಳಬಲ್ಲೆ.

ಪೊಲೀಸ್ ಆಕ್ಷನ್ ಮುಗಿದು ಕೆಲವು ವರ್ಷಗಳಾಗಿದ್ದವು. ನಾವಿನ್ನೂ ಹೈದರಾಬಾದ್ ರಾಜ್ಯದವರೇ. ಊರು ಭಾಲ್ಕಿ ಕಡೆಯ ಮೆಹಕರ. ನಾನು ಆಗ ಗಿಡ್ಡ ಲಂಗದ ಹುಡುಗಿ. ಮನೆಯಲ್ಲಿ ಅಪ್ಪನ ತಾಯಿ ಆಯಿ, ಅಪ್ಪನ ತಮ್ಮ ಕಾಕಾ, ಹೆರಿಗೆಗೆ ಬಂದಿದ್ದ ಅಕ್ಕ, ಅವಳ ಹಸುಗೂಸು. ಅಪ್ಪ ತೊಟ್ಟಿಲ ಶಾಸ್ತ್ರಕ್ಕೆ ಬೀಗರನ್ನು ಕರೆಯಲು ಔರಾದಕ್ಕೆ ಹೋಗಿದ್ದ. ಅವ್ವ ಮೊದಲೇ ತೀರಿಕೊಂಡಿದ್ದಳು. ಹಾಗಾಗಿ ಬಾಣಂತನದ ರಾಜ್ಯಭಾರ ಪೂರ್ತಿ ಆಯಿಯದು.

ಆಯಿಗೆ ಒಂದೇ ವೈರಿ, ಗಾಳಿ. ಅಕ್ಕನ ತಲೆ, ಕಿವಿ ಸುತ್ತಿ ದಪ್ಪ ಬಟ್ಟೆ ಕಟ್ಟಿದ್ದಳು. ಕೋಣೆಯ ಕಿಟಕಿಗೆ ಗೋಣಿಚೀಲ ತುರುಕಿದ್ದಳು. ಹೊರಸಿನ ಕೆಳಗೆ ಕೆಂಡದ ಶೆಗಡಿ ಆರಲು ಬಿಡುತ್ತಿರಲಿಲ್ಲ. ಅಕ್ಕ ಬೆವರಿ ಬೆವರಿ ಬೆಂದ ಗೆಣಸಿನ ಹಾಗಾಗಿದ್ದಳು.

ಆ ದಿನ ಕಾಕಾ ಭಾಲ್ಕಿಯಿಂದ ಓಡುತ್ತ ಬಂದ.

"ಯವ್ವಾ, ಸಮುದ್ರದಾಗ ತುಫಾನ ಎದ್ದದಂತ. ಸಂಜಿಗಿ ಇಲ್ಲಿಗಿ ಬರ್ತದಂತ. ಟೇಸನ್ನಾಗ ಎಲ್ಲಾರೂ ಅದೇ ಮಾತಾಡ್ಲತ್ತಾರ."

"ಸಮುದ್ರ ಎಲ್ಲದೋ? ನೀ ನೋಡಿದ್ಯಾ?"

"ನಾ ಎಲ್ಲಿ ನೋಡ್ಲಿ? ಅದೇ ನಮ್ಮನ್ನ ನೋಡ್ಲಾಕ ಬರ್ಲತ್ತದ."

ಕಾಕಾ ಮಾಳಿಗೆ ಹತ್ತಿ ಮಣ್ಣು ಹರಡಿ ತುಳಿದ. ಬೆಳಕಿಂಡಿಗೆ ಹಂಡೆ ಬೋರಲು ಹಾಕಿದ. ಕೆಳಗಿಳಿದು ಬಂದವನ ಮುಖ ಸರಿಯಿರಲಿಲ್ಲ. ಬಾಣಂತಿ ಕೋಣೆಯ ತೊಲೆ ಆ ಮಳೆಗಾಲದಲ್ಲೇ ಸೀಳಿತ್ತು. ಊರಿನವರೆಲ್ಲ ಕಲ್ಲಿನ ಗುಡಿಗೆ ಹೊರಟಿದ್ದರು.

"ನಡೀರಿ, ನಾವೂ ಗುಡಿಗಿ ಹೋಗೂಣು."

"ಹಸಿ ಬಾಣಂತಿನ ಗುಡಿಗಿ ಒಯ್ತಿಯೇನೋ? ಮೈಲಿಗಿ."

"ಶರಣರು ಮೈಲಿಗಿ ಇಲ್ಲ ಅಂದಾರಂತ ದಿನಾ ಮುಂಜಾನಿ ನೀನೇ ಹೇಳ್ತಿ."

"ಶರಣರು ಬಾಣಂತನ ಮಾಡ್ಯಾರೇನೋ? ನಾ ಮಾಡೀನಿ! ದಾರಿ ಮ್ಯಾಲ ಗಾಳಿ ಹ್ಯಾಂಗ ಅದ ನೋಡು. ಹಗೇವಿನ್ಯಾಗ ಇಳಸು. ಗದ್ದಲದಾಗ ನಮ್ಮನ್ನ ಉಳಿಸಿದ್ದು ಅದೇ."

ಕಾಕಾ ಹಗ್ಗ ತರಲು ಹೋದ. ಪೊಲೀಸ್ ಆಕ್ಷನ್‌ಗೆ ಮುಂಚಿನ ಗದ್ದಲದಲ್ಲಿ ಬಂದೂಕಿನವರು ಊರೊಳಗೆ ಬಂದಾಗಲೆಲ್ಲ ಮನೆಯ ಹೆಣ್ಣುಮಕ್ಕಳು ಅಡಗುತ್ತಿದ್ದದ್ದು ಅಲ್ಲೇ. ಆದರೆ ಆಗ ಕಲ್ಲನ್ನು ಓರೆಯಾಗಿ ಇಟ್ಟು ಮೇಲೆ ಕಣಿಕೆ, ಅಂದರೆ ಜೋಳದ ಒಣ ದಂಟು, ಹರಡುತ್ತಿದ್ದರು. ಬೆಂಕಿಯಂತೂ ಇರುತ್ತಲೇ ಇರಲಿಲ್ಲ. ಈ ವ್ಯತ್ಯಾಸ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ ನೋಡಿ.

ಜೋಳ ತೀರಿ ಹಗೇವು ಖಾಲಿಯಿತ್ತು. ಕಾಕಾ ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡಿದ. ಅದು ಚೆನ್ನಾಗಿ ಉರಿಯಿತು, ಗಾಳಿ ಶುದ್ಧವಿದೆ ಎಂದ. ಮೊದಲು ಅಕ್ಕ ಇಳಿದಳು, ಕೂಸು ಕೈಯಿಂದ ಕೈಗೆ ಬಂತು, ಆಮೇಲೆ ನಾನು. ಕುಡಿಯಲು ಒಂದು ಗಡಿಗೆ ನೀರು, ತಾಮ್ರದ ತಂಬಿಗೆಯೂ ಇಳಿದವು. ಕೊನೆಗೆ ಆಯಿ ಕೆಂಡ ತುಂಬಿದ ಶೆಗಡಿ ಇಳಿಸಿದಳು.

"ಇದ್ಯಾಕ ಆಯಿ?" ಅಂದೆ.

"ಕೂಸಿಗಿ ಥಂಡಿ ಆಗ್ತದ. ನಿನಗೇನು ತಿಳೀತದ, ಸರಿ ಆಚಿಗಿ."

ಆಯಿಯೂ ಇಳಿದ ಮೇಲೆ ಕಾಕಾ ಚಪ್ಪಡಿ ಎಳೆದ. ಮಳೆನೀರು ಒಳಗೆ ಬರಬಾರದೆಂದು ಸುತ್ತ ಹಸಿಮಣ್ಣು ಮೆತ್ತಿದ, ಜೋಳ ತುಂಬಿದಾಗ ಮೆತ್ತುವಂತೆಯೇ. "ಕುರಿಗಳ್ನ ಗುಡಿ ಹತ್ರ ಹೊಡದು ಬರ್ತೀನಿ" ಎಂಬ ಮಾತು ಅರ್ಧ ಕೇಳಿಸಿತು. ಆಮೇಲೆ ಏನೂ ಇಲ್ಲ.

ಒಳಗೆ ತುಫಾನು ಗಾಳಿಯ ಹಾಗೆ ಕೇಳುವುದಿಲ್ಲ. ನೆಲವೇ ಹೊಟ್ಟೆನೋವಿನಿಂದ ನರಳಿದ ಹಾಗೆ ಕೇಳುತ್ತದೆ. ಹಳೆ ಜೋಳದ ಹುಳಿ ವಾಸನೆ. ಶೆಗಡಿ ನಡುವೆ ಇಟ್ಟುಕೊಂಡು ಮೂವರೂ ಮೊಣಕಾಲು ತಾಗುವಂತೆ ಒತ್ತಾಗಿ ಕೂತಿದ್ದೆವು.

"ನೋಡು, ಒಂದು ಎಳಿ ಗಾಳಿ ಇಲ್ಲ" ಎಂದು ಆಯಿ ಖುಷಿಪಟ್ಟಳು.

ಸ್ವಲ್ಪ ಹೊತ್ತಿಗೆ ನನ್ನ ತಲೆ ಸಿಡಿಯತೊಡಗಿತು. ಅಕ್ಕ ಗೋಡೆಗೆ ತಿರುಗಿ ವಾಂತಿ ಮಾಡಿದಳು. ದೀಪ ಸಣ್ಣಗಾಯಿತು, ಆಯಿ ಬತ್ತಿ ಎತ್ತಿದಳು, ಮತ್ತೆ ಸಣ್ಣಗಾಯಿತು. ನಾನು ಕೂಗಿದೆ. ಕೂಗು ನನ್ನ ಮುಖಕ್ಕೇ ಬಡಿಯಿತು. ಅಷ್ಟರವರೆಗೆ ಅಳುತ್ತಿದ್ದ ಕೂಸು ಸುಮ್ಮನಾಯಿತು.

"ನಿದ್ದಿ ಹತ್ತೇದ" ಎಂದಳು ಆಯಿ.

ಅಕ್ಕ ಕೂಸಿನ ಅಂಗಾಲು ಚಿವುಟಿದಳು. ಅದು ಕಾಲು ಎಳೆದುಕೊಳ್ಳಲಿಲ್ಲ.

"ಆಯಿ, ಇದು ನಿದ್ದಿ ಅಲ್ಲ."

ನಾನು ಗಡಿಗೆಯ ನೀರನ್ನೆಲ್ಲ ಕೆಂಡಕ್ಕೆ ಸುರಿದೆ. ಹೊಗೆ, ಹಬೆ ಎದ್ದು ಇದ್ದ ಉಸಿರೂ ಕಟ್ಟಿತು. ದೀಪ ಹೋಯಿತು. ಕತ್ತಲಲ್ಲಿ ಅಕ್ಕ ಕೂಸನ್ನು ನನ್ನ ತೊಡೆಗೆ ಹಾಕಿದಳು. ಕಿವಿಯ ಬಟ್ಟೆ ಬಿಚ್ಚಿ ಎಸೆದದ್ದು ನನ್ನ ಮೇಲೆ ಬಿತ್ತು. ಗೋಡೆಯಲ್ಲಿ ಕಾಲಿಡಲು ಕಡಿದಿದ್ದ ಗೂಡುಗಳನ್ನು ಹಿಡಿದು ಅವಳು ಹತ್ತತೊಡಗಿದಳು.

"ಏ ಹುಚ್ಚಿ, ಗಾಳಿ ತಾಗ್ತದ!" ಆಯಿ ಸೀರೆ ಹಿಡಿದೆಳೆದಳು.

"ತಾಗ್ಲಿ! ಬಿಡು ಆಯಿ!"

ಅಕ್ಕ ಚಪ್ಪಡಿಗೆ ಬೆನ್ನು ಕೊಟ್ಟು ಒತ್ತಿದಳು. ಕಲ್ಲು ಅಲುಗಲಿಲ್ಲ. ಮತ್ತೆ ಒತ್ತಿದಳು. ಮೊನ್ನೆ ಮೊನ್ನೆ ಹೆತ್ತ ಮೈ ಅದು. ಅವಳ ಬಾಯಿಂದ ಬಂದ ಸದ್ದು ಹೆರಿಗೆಯ ದಿನ ಗೋಡೆಯಾಚೆಯಿಂದ ಕೇಳಿದ ಸದ್ದೇ. ಮಣ್ಣು ಇನ್ನೂ ಹಸಿಯಿತ್ತು, ಅದೇ ನಮ್ಮ ಪುಣ್ಯ. ಅದು ಉದುರಿತು, ಅಂಗೈಯಗಲದ ಸಂದು ಬಿತ್ತು, ಹೊರಗಿನ ಅಬ್ಬರವೆಲ್ಲ ಒಮ್ಮೆಲೇ ಒಳನುಗ್ಗಿತು.

"ತಂಬಿಗಿ! ತಂಬಿಗಿ ಹಚ್ಚು ಸಂದಿಗಿ!" ಎಂದು ಚೀರಿದವಳು ಆಯಿಯೇ. ನಾನು ಕೊಟ್ಟೆ. ಕಲ್ಲಿನ ಭಾರಕ್ಕೆ ತಾಮ್ರ ನುಗ್ಗಾಯಿತು, ಸಂದು ಮಾತ್ರ ನಿಂತಿತು.

ಆಯಿ ಕೂಸನ್ನು ಎತ್ತಿಕೊಟ್ಟಳು. ಅಕ್ಕ ಅದರ ಮುಖವನ್ನು ಸಂದಿಗೆ ಹಿಡಿದಳು. ಮಳೆ ಅದರ ಮೂಗಿಗೆ, ಹಣೆಗೆ ಹೊಡೆಯುತ್ತಿತ್ತು. ಏನೂ ಇಲ್ಲ. ಅಕ್ಕ ಬೆನ್ನು ತಿಕ್ಕಿದಳು. ಏನೂ ಇಲ್ಲ. ಆಯಿ ಕೆಳಗೆ ನಿಂತು ಅಕ್ಕನ ಪಾದಗಳನ್ನು ತನ್ನ ಹೆಗಲ ಮೇಲೆ ಇಟ್ಟುಕೊಂಡಿದ್ದಳು. 

ಕೂಸು ಸೀನಿತು. ಆಮೇಲೆ ಅತ್ತಿತು. ಅದೆಂಥ ಸಿಟ್ಟಿನ ಅಳು!

ಕಲ್ಲು ಮಾತ್ರ ಅದಕ್ಕಿಂತ ಮೇಲೆ ಏಳಲಿಲ್ಲ. ಕಾಕಾ ಬರುವವರೆಗೆ ನಾವು ಹಾಗೇ ಇದ್ದೆವು. ಅಕ್ಕ ಆಯಿಯ ಹೆಗಲ ಮೇಲೆ, ಕೂಸಿನ ಮುಖ ಸಂದಿಯಲ್ಲಿ. ನಡುನಡುವೆ ನಾನೂ ಹತ್ತಿ ಬಾಯಿ ತೆರೆದು ಉಸಿರು ಕುಡಿದೆ. ಆಯಿಯನ್ನು ಕರೆದರೆ "ನನಗ ಬ್ಯಾಡ, ಹಿಡೀರಿ ಕೂಸಿಗಿ" ಎಂದಳು.

ಕಾಕಾ ಬಂದು ಕಲ್ಲು ಸರಿಸಿದಾಗ ಬಾಣಂತಿ ಕೋಣೆಯ ಮಾಳಿಗೆ ಕುಸಿದಿತ್ತು. ಹಾಗಾದರೆ ಹಗೇವು ನಮ್ಮನ್ನು ಉಳಿಸಿತೋ, ಕೊಲ್ಲಲು ಹೊರಟಿತ್ತೋ? ಎರಡೂ ನಿಜ.

ಉಳಿದ ಗಾಳಿಯನ್ನು ದನದ ಕೊಟ್ಟಿಗೆಯಲ್ಲಿ ಕಳೆದೆವು. ಕಾಕಾ ಬಾಗಿಲಿಗೆ ಗೋಣಿಚೀಲ ಕಟ್ಟಲು ಹೋದರೆ ಅಕ್ಕ ಬಿಡಲಿಲ್ಲ. ಆಯಿ ಎದ್ದು ಬಂದಳು. ಗಾಳಿ ಬರುವ ಕಡೆಗೆ ಬೆನ್ನು ಮಾಡಿ, ಕೂಸಿನ ಮುಂದೆ ತಾನೇ ಗೋಡೆಯಂತೆ ಕೂತಳು. ಬಾಗಿಲು ಮಾತ್ರ ತೆರೆದೇ ಇತ್ತು.

ಗದ್ದಲಕ್ಕೋ ತುಫಾನಿಗೋ ಹಗೇವಿಗೆ ಇಳಿದವರು ಬೀದರ, ಭಾಲ್ಕಿ, ಔರಾದ ಕಡೆ ಇನ್ನೂ ಇದ್ದೀರಿ ಅಂತ ನನಗೆ ಗೊತ್ತು. ನಿಮಗೆ ಯಾರು ಕಲ್ಲು ಮುಚ್ಚಿದರು, ಒಳಗೆ ಉಸಿರು ಹೇಗೆ ಸಿಕ್ಕಿತು? ನೀವಲ್ಲದಿದ್ದರೆ ನಿಮ್ಮ ಅವ್ವ, ಆಯಿ ಹೇಳಿದ್ದನ್ನಾದರೂ ಬರೆಯಿರಿ. ಉದ್ದವಾದರೂ ಪರವಾಗಿಲ್ಲ, ನಾನು ಓದುತ್ತೇನೆ.