ಸೊಸೆಗೆಂದು ಸವರಿದ ದಾರಿ

ಹರಳೆಣ್ಣೆಯ ವಾಸನೆ ಎಲ್ಲಾದರೂ ಮೂಗಿಗೆ ಬಿದ್ದರೆ ನನಗೆ ಇವತ್ತಿಗೂ ಅತ್ತಿಗೆಯ ಸೈಕಲ್ಲು ನೆನಪಾಗುತ್ತದೆ. ಬೇರೆಯವರಿಗೆ ಆ ವಾಸನೆಯಲ್ಲಿ ಎಣ್ಣೆನೀರಿನ ಬೆಳಗೋ, ಬಾಣಂತಿ ಕೋಣೆಯೋ ಕಾಣಿಸಬಹುದು. ನಮ್ಮ ಮನೆಯಲ್ಲಿ ಎತ್ತಿನ ಗಾಡಿಯ ಅಚ್ಚಿಗೆ ಹಾಕಿ ಮಿಕ್ಕಿದ ಹರಳೆಣ್ಣೆಯನ್ನು ಅತ್ತಿಗೆ ಒಂದು ಹಳೇ ಬಟ್ಟೆಚೂರಿಗೆ ಅದ್ದಿ ಸೈಕಲ್ಲಿನ ಚೈನಿಗೆ ಹಚ್ಚುತ್ತಿದ್ದಳು. ಬೆಳಗಿನ ಬಿಸಿಲು ಹಿತ್ತಲಿಗೆ ಇಳಿಯುವ ಹೊತ್ತು, ಒಳಗೆ ಅವ್ವ ರೊಟ್ಟಿ ತಟ್ಟುವ ಸದ್ದು, ಜಗಲಿಯಲ್ಲಿ ಅಪ್ಪ ವಿಭೂತಿ ಇಟ್ಟುಕೊಂಡು ಕೆಮ್ಮುವ ಸದ್ದು, ಬಿಲ್ವದ ಮರದ ಕೆಳಗೆ ಅತ್ತಿಗೆ ಕುಕ್ಕರುಗಾಲಲ್ಲಿ ಕೂತು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಿದ್ದಾಗ ಬರುವ ಟಿಕ್ ಟಿಕ್ ಸದ್ದು. ಆ ಮನೆ ಈಗಿಲ್ಲ. ಇದ್ದಾಗ ಅದು ಹೆಡತಲೆಗೆ ಹತ್ತಿರದ ಒಂದು ಸಣ್ಣ ಊರಿನಲ್ಲಿತ್ತು, ಊರಿನವರು ಅದನ್ನು ದೊಡ್ಡಮನೆ ಅನ್ನುತ್ತಿದ್ದರು.

ಅತ್ತಿಗೆ ಸೋಸಲೆಯವಳು. ಹೈಸ್ಕೂಲಿಗೆಂದು ದಿನಾ ನರಸೀಪುರಕ್ಕೆ ಸೈಕಲ್ ತುಳಿದು ಅಭ್ಯಾಸವಾಗಿದ್ದವಳು. ತೊಂಬತ್ತರ ದಶಕದ ನಡುವಿನಲ್ಲಿ ನಮ್ಮಣ್ಣನನ್ನು ಮದುವೆಯಾಗಿ ಬಂದಾಗ ಪಾತ್ರೆ ಪಡಗದ ಜೊತೆ ಆ ಸೈಕಲ್ಲೂ ಬಂತು, ನಮ್ಮೂರಿನವರಿಗೆ ಆರು ತಿಂಗಳು ನಗೋದಕ್ಕೆ ಅದೇ ಸಾಕಾಯಿತು. ಆಮೇಲೆ ಪಕ್ಕದ ಹಳ್ಳಿಯ ಅಂಗನವಾಡಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ನಾನು ಓದುತ್ತಿದ್ದ ಸ್ಕೂಲೂ ಅದೇ ಹಳ್ಳಿಯಲ್ಲಿತ್ತು. ಅಣ್ಣ ನಂಜನಗೂಡಿನ ಫ್ಯಾಕ್ಟರಿಯಲ್ಲಿ ಶಿಫ್ಟಿನ ಮೇಲಿದ್ದವನು, ಮನೆಯ ಮಾತು ಅಂತ ಬಂದರೆ ಬಾಯಿಗೆ ಬೀಗ. ಅಪ್ಪನೇ ತೀರ್ಮಾನ ಮಾಡಿದ. "ಕೆಲ್ಸುಕ್ ಓಗ್ಲಿ, ನಾನೇನ್ ಬ್ಯಾಡ ಅನ್ನಕಿಲ್ಲ. ಆದ್ರೆ ನಮ್ಮನೆ ಸೊಸೆ ಸೈಕಲ್ ತುಳ್ಕಂಡು ಬಸ್ಟ್ಯಾಂಡ್ ಮುಂದ್ಗಡೆ ಓಗದು ಚೆಂದಾಗಿರಕಿಲ್ಲ. ಬೋರೆ ದಾರೀಲಿ ಓಗ್ಲಿ. ಜೊತೇಗೆ ಮಗೀನೂ ಕೂರುಸ್ಕಳ್ಲಿ." ಆ ಮಗು ನಾನು, ಎಂಟು ವರ್ಷದ ಹುಡುಗಿ. ಹೀಗೆ ನಾನು ಅತ್ತಿಗೆಯ ಸೈಕಲ್ಲಿನ ಹಿಂದೆ, ಮನೆಯ ಮರ್ಯಾದೆಗೆ ಕಾವಲಾಗಿ ಕೂತೆ.

ಬೋರೆ ಅಂದರೆ ನಮ್ಮ ಕಡೆ ನೀರು ನಿಲ್ಲದ, ಬೇಸಾಯಕ್ಕೆ ಬಗ್ಗದ ಎತ್ತರದ ಕಲ್ಲುನೆಲ. ಊರ ಹಿಂದಿನಿಂದ ಹೊರಟ ಗಾಡಿಜಾಡು ಅದನ್ನು ಬಳಸಿಕೊಂಡು ಆ ಹಳ್ಳಿಯ ಹಿಂಭಾಗಕ್ಕೆ ಹೋಗಿ ಸೇರುತ್ತಿತ್ತು. ಬಸ್ ರಸ್ತೆಯಲ್ಲಿ ಹೋದರೆ ಕಾಲುಗಂಟೆ, ಈ ದಾರಿಯಲ್ಲಿ ಅದರ ಎರಡರಷ್ಟು. ಆದರೆ ಎಂಥ ದಾರಿ ಅದು! ಎರಡೂ ಕಡೆ ಹಳದಿ ಹೂ ಬಿಟ್ಟ ತಂಗಡಿ, ಮಧ್ಯೆ ಮಧ್ಯೆ ಕಾರೆ, ಲಂಟಾನ, ಮೈಗೆಲ್ಲ ಮುಳ್ಳು ಹೊತ್ತ ಜಾಲಿ, ದೂರಕ್ಕೆ ಅರಣ್ಯ ಇಲಾಖೆಯವರು ನೆಟ್ಟ ನೀಲಗಿರಿ ತೋಪು. ಸೈಕಲ್ಲಿನ ಸದ್ದಿಗೆ ಕೌಜುಗಗಳು ಬುರ್ರೆಂದು ಎದ್ದು ಹೋಗುತ್ತಿದ್ದವು. ಮೊಲ ಒಂದು ಕ್ಷಣ ಕಿವಿ ನಿಮಿರಿಸಿ ನಮ್ಮನ್ನೇ ನೋಡುತ್ತಿತ್ತು. ದಿಬ್ಬದ ತುದಿಗೆ ಬಂದರೆ ಗಾಳಿ, ಆಚೆಗೆ ನೀಲಿಯಾಗಿ ಚಾಮುಂಡಿ ಬೆಟ್ಟ, ಅಲ್ಲಿಂದ ಇಳಿಜಾರಿನಲ್ಲಿ ಅತ್ತಿಗೆ ಪೆಡಲು ಬಿಟ್ಟರೆ ನನ್ನ ಹೊಟ್ಟೆಯಲ್ಲಿ ಜುಂ ಅನ್ನುತ್ತಿತ್ತು. ಈಗ ಭಾನುವಾರ ಬಂತೆಂದರೆ ಮೈಸೂರಿನಿಂದ ಹೆಲ್ಮೆಟ್ಟು, ಬಿಗಿಬಟ್ಟೆ ಹಾಕಿಕೊಂಡವರು ಇಂಥ ದಾರಿಗಳನ್ನು ಹುಡುಕಿಕೊಂಡು ಬರುತ್ತಾರೆ, ಒಂದು ಗಾಡಿಯಿಲ್ಲ, ಒಂದು ನರಪಿಳ್ಳೆಯಿಲ್ಲ ಅಂತ ಬಾಯ್ತುಂಬ ಹೊಗಳುತ್ತಾರೆ. ಬರಲಿ, ಹೊಗಳಲಿ. ಸಂಜೆಗೆ ತಮ್ಮ ಮನೆಗೆ ತಮಗೆ ಬೇಕಾದ ದಾರಿಯಲ್ಲಿ ಹಿಂತಿರುಗುವವರು ಅವರು.

ಅಪ್ಪನನ್ನು ಕೆಟ್ಟವನು ಅಂದುಬಿಟ್ಟರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಅವನು ಕೆಟ್ಟವನಾಗಿರಲಿಲ್ಲ. ವಾರಕ್ಕೊಂದು ಸಲ ಮಚ್ಚು ಹಿಡಿದು ಬೋರೆಗೆ ಹೋಗಿ, ದಾರಿಗೆ ಚಾಚಿಕೊಂಡ ಜಾಲಿಯ ಕೊಂಬೆಗಳನ್ನೆಲ್ಲ ಕೈಯಾರೆ ಸವರಿ ಬರುತ್ತಿದ್ದ. ಆಳುಗಳಿದ್ದರೂ ಕಳಿಸುತ್ತಿರಲಿಲ್ಲ. ಬಿದ್ದ ಮುಳ್ಳನ್ನೆಲ್ಲ ಆಯ್ದು ಬದಿಗೆ ಒಟ್ಟಿ, ಮಳೆಗೆ ಕೊರೆದುಹೋದ ಕಡೆ ಒಂದೆರಡು ಮಂಕರಿ ಮಣ್ಣು ಸುರಿಯುತ್ತಿದ್ದ. ಕೈಯಲ್ಲಿ ಮುಳ್ಳು ಮುರಿದುಕೊಂಡು ಬಂದರೆ ಅತ್ತಿಗೆಯೇ ಪಿನ್ನಿನಲ್ಲಿ ತೆಗೆಯಬೇಕಿತ್ತು. ಜಗಲಿಗೆ ನ್ಯಾಯ ಹೇಳಿಸಿಕೊಳ್ಳಲು ಬಂದವರ ಮುಂದೆ ಅಪ್ಪ ಮೀಸೆ ತೀಡಿಕೊಂಡು ಹೇಳುತ್ತಿದ್ದ: "ನಮ್ ಸೊಸೆಗೆ ಅಂತ್ಲೇ ಒಂದ್ ದಾರಿ ಮಾಡ್ಕೊಟ್ಟಿವ್ನಿ ಕಣ್ಲಾ. ಯಾವ್ ಮನೇಲಿ ಮಾಡವ್ರೆ, ಯೋಳು?" ಬಂದವರು ಹೌದೆಂದು ತಲೆಯಾಡಿಸುತ್ತಿದ್ದರು. ನನಗೂ ಆಗ ಅಪ್ಪನ ಬಗ್ಗೆ ಹೆಮ್ಮೆ ಇತ್ತು.

ಮದುವೆಯಾಗಿ ಎರಡನೇ ವರ್ಷ ಅತ್ತಿಗೆ ಬಸುರಾದಳು. ಸೈಕಲ್ ಇಷ್ಟು ದಿನ ಸಾಕು ಅಂತ ಅವಳಿಗೇ ಅನ್ನಿಸಿ, ಒಂದು ಸಂಜೆ ಬಾಗಿಲ ಸಂದಿಯಿಂದ ಅಪ್ಪನನ್ನು ಕೇಳಿದಳು. "ಮಾವ, ಎರ್ಗೆ ಆಗೋಗಂಟ ಬಸ್ಸಲ್ಲಿ ಓಗ್ತೀನಿ. ಬೋರೇಲಿ ಕಲ್ಲು ಜಾಸ್ತಿ." ಅಪ್ಪ ಅದಕ್ಕೂ ಒಪ್ಪಲಿಲ್ಲ. ಬಸುರಿ ಹೆಂಗಸು ಬಸ್ಟ್ಯಾಂಡಿನಲ್ಲಿ ಹತ್ತು ಜನರ ಮುಂದೆ ನಿಂತರೆ ಕಣ್ಣು ಬೀಳುತ್ತದೆ, ಬೇಕಾದರೆ ಕೆಲಸ ಬಿಡಲಿ, ಇಲ್ಲ ನಿಧಾನವಾಗಿ ಬೋರೆಯಲ್ಲೇ ಹೋಗಲಿ ಅಂದ. ಅವ್ವನೂ ಕಣ್ಣು ದೃಷ್ಟಿ ಅಂತ ಅಪ್ಪನ ಮಾತಿಗೇ ತಾಳ ಹಾಕಿದಳು. ಅಣ್ಣ ತಲೆ ತಗ್ಗಿಸಿಕೊಂಡು ಉಂಡು ಎದ್ದ. ಅಂಗನವಾಡಿ ಮಕ್ಕಳೆಂದರೆ ಅತ್ತಿಗೆಗೆ ಜೀವ. ಅವಳು ಕೆಲಸ ಬಿಡಲಿಲ್ಲ. ಆ ವಾರ ಅಪ್ಪ ಇನ್ನೂ ಚೆನ್ನಾಗಿ ದಾರಿ ಸವರಿ ಬಂದ.

ಮಳೆ ಬಂದು ಬಿಟ್ಟ ಒಂದು ಬೆಳಿಗ್ಗೆ, ದಿಬ್ಬದ ಇಳಿಜಾರಿನಲ್ಲಿ, ಅಪ್ಪ ಹಾಕಿದ್ದ ಮೆತ್ತನೆ ಮಣ್ಣಿನಲ್ಲೇ ಮುಂದಿನ ಗಾಲಿ ಹೂತುಕೊಂಡಿತು. ನಾನು ಒಂದು ಕಡೆ ಬಿದ್ದೆ, ಅತ್ತಿಗೆ ಕಲ್ಲಿನ ಮೇಲೆ ಬಿದ್ದಳು, ಸೈಕಲ್ಲು ಅವಳ ಮೇಲೆ. ಎತ್ತಲು ಹೋದಾಗ ಅವಳ ಸೀರೆಯಲ್ಲಿ ರಕ್ತ ನೋಡಿ ನನಗೆ ಅಳುವೂ ಬರಲಿಲ್ಲ. ನಾನು ಕೂಗಿದೆ. ಆ ಚೆಂದದ ದಾರಿಯಲ್ಲಿ ಯಾರಿದ್ದರು ಕೇಳಿಸಿಕೊಳ್ಳಲು? "ದೊಡ್ ರಸ್ತೇಗ್ ಓಡವ್ವ, ಊರಿಗಲ್ಲ, ದೊಡ್ ರಸ್ತೇಗ್ ಓಡು," ಅಂದಳು ಅತ್ತಿಗೆ, ಹಲ್ಲು ಕಚ್ಚಿಕೊಂಡು. ಪೊದೆಗಳ ನಡುವೆ ನುಗ್ಗಿ ಓಡಿದೆ. ಬಸ್ಸು ಓಡಾಡುವ ದೊಡ್ಡ ರಸ್ತೆ ಎಲ್ಲೋ ಬಹಳ ದೂರ ಅಂತ ನಾನು ತಿಳಿದುಕೊಂಡಿದ್ದೆ. ಅದು ನೀಲಗಿರಿ ತೋಪಿನ ಆಚೆಗೇ ಇತ್ತು. ಅಲ್ಲಿ ಹಾಲಿನ ಟೆಂಪೋ ಬರುತ್ತಿತ್ತು, ಕಳೆ ಕೀಳಲು ಹೊರಟಿದ್ದ ಹೆಂಗಸರಿದ್ದರು, ಜನ ಇದ್ದರು. ಆ ಹೆಂಗಸರು ತೋಪು ದಾಟಿ ನನ್ನ ಹಿಂದೆಯೇ ಓಡಿಬಂದು, ತಮ್ಮ ಸೆರಗನ್ನೇ ಹರಿದು ಅತ್ತಿಗೆಯ ಸೊಂಟಕ್ಕೆ ಬಿಗಿದು, ರಸ್ತೆಗೆ ಹೊತ್ತು ತಂದು ಟೆಂಪೋಗೆ ಹಾಕಿದರು.

ನಂಜನಗೂಡಿನ ಆಸ್ಪತ್ರೆಯಲ್ಲಿ ಅತ್ತಿಗೆ ಉಳಿದಳು, ಮಗು ಉಳಿಯಲಿಲ್ಲ. ಅಪ್ಪ ಬಂದಾಗ ನಾನು ವಾರ್ಡಿನ ಹೊರಗೆ, ಮಂಡಿಯ ಗಾಯಕ್ಕೆ ಟಿಂಚರು ಹಚ್ಚಿಸಿಕೊಂಡು ಬೆಂಚಿನ ಮೇಲೆ ಕೂತಿದ್ದೆ. ಅವನ ಮುಖ ಬಿಳಿಚಿಕೊಂಡಿತ್ತು. ನನ್ನನ್ನು ಹತ್ತಿರ ಎಳೆದುಕೊಂಡು ತಲೆ ಸವರಿದ. ಆಮೇಲೆ ಮೆಲ್ಲಗೆ ಕೇಳಿದ: "ಅವಳ್ನ ಎತ್ತಾಕುವಾಗ ಯಾರ್ಯಾರು ನೋಡುದ್ರವ್ವ?" ಮೆಲ್ಲಗೇ ಕೇಳಿದ, ನಿಜ. ಆದರೆ ಬಾಗಿಲು ತೆರೆದಿತ್ತು, ಅತ್ತಿಗೆಯ ಮಂಚ ಬಾಗಿಲ ಪಕ್ಕದಲ್ಲೇ ಇತ್ತು. ಅವಳು ಈ ಕಡೆಗಿದ್ದ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು.

ಆರೈಕೆಗೆಂದು ಸೋಸಲೆಗೆ ಹೋದವಳು ಮತ್ತೆ ಬರಲಿಲ್ಲ. ಅಣ್ಣ ಕರೆಯಲು ಹೋದಾಗ ಅವಳು ಕಾಸು ಕೇಳಲಿಲ್ಲ, ಬೇರೆ ಮನೆ ಕೇಳಲಿಲ್ಲ. ದೊಡ್ಡ ರಸ್ತೆಯಲ್ಲಿ, ಎಲ್ಲರ ಎದುರಿಗೆ ಹೋಗಿಬರಲು ಮಾವ ಬಾಯಿಬಿಟ್ಟು ಒಪ್ಪಿಗೆ ಕೊಟ್ಟರೆ ಮಾರನೇ ದಿನವೇ ಬರುತ್ತೇನೆ ಅಂದಳಂತೆ. ಅಣ್ಣ ಅದನ್ನು ತಂದು ಹಜಾರದಲ್ಲಿ ನಿಂತುಕೊಂಡು ಒಪ್ಪಿಸಿದ. "ಸೊಸೆ ನಂಗೆ ಷರತ್ತು ಆಕ್ತಳಾ?" ಅಂದ ಅಪ್ಪ. ಆಮೇಲೆ, "ದಾರಿ ಸವ್ರಿ ಮಡ್ಗಿವ್ನಿ, ಬರ್ಲಿ," ಅಂದ. ಒಂದು ಮಾತು, ಒಂದೇ ಒಂದು ಹೂಂ ಅಂದಿದ್ದರೆ ನಮ್ಮ ಮನೆ ಉಳಿಯುತ್ತಿತ್ತು. ಅಪ್ಪನ ಬಾಯಿಂದ ಅದು ಹೊರಡಲಿಲ್ಲ. ಬದಲಿಗೆ ಮಚ್ಚು ಹಿಡಿದು ವಾರವಾರವೂ ಬೋರೆಗೆ ಹೋಗಿ, ಯಾರೂ ತುಳಿಯದ ದಾರಿಯನ್ನು ಸವರಿ ಬರುತ್ತಿದ್ದ. ಮಳೆಗಾಲ ಕಳೆದು ಮತ್ತೊಂದು ಮಳೆಗಾಲ ಬರುವವರೆಗೂ ಹೋದ. ಅವ್ವ ಮುಳ್ಳು ತೆಗೆಯಲು ಕೂತರೆ ಕಣ್ಣು ಕಾಣದೆ ಎಲ್ಲೆಲ್ಲೋ ಚುಚ್ಚುತ್ತಿದ್ದಳು, ಅಪ್ಪ ಕೈ ಎಳೆದುಕೊಂಡು ಎದ್ದು ಹೋಗುತ್ತಿದ್ದ.

ಅಣ್ಣ ನಂಜನಗೂಡಿನಲ್ಲೇ ರೂಮು ಮಾಡಿಕೊಂಡು ಊರ ಕಡೆ ಬರುವುದನ್ನೇ ನಿಲ್ಲಿಸಿದ. ಅಪ್ಪ ಹೋದ, ಅವ್ವ ಹೋದಳು, ಜಗಲಿಗೆ ನ್ಯಾಯಕ್ಕೆಂದು ಬರುವವರು ಅದಕ್ಕೂ ಮೊದಲೇ ಬರುವುದನ್ನು ಬಿಟ್ಟಿದ್ದರು. ತೊಲೆ ಕಂಬ ಬಾಗಿಲುಗಳನ್ನು ಬಿಚ್ಚಿ ಮಾರಿದ ದಿನ ನಾನು ಹೋಗಲಿಲ್ಲ. ನೀವೂ ಹೀಗೊಂದು ಮನೆಯನ್ನು ಕಳೆದುಕೊಂಡಿದ್ದರೆ ನಿಮಗೆ ಗೊತ್ತಿರುತ್ತದೆ, ಗೋಡೆ ಬೀಳುವ ಎಷ್ಟೋ ವರ್ಷ ಮೊದಲೇ ಮನೆ ಬಿದ್ದಿರುತ್ತದೆ. ನನಗೆ ಅಂತ ನಾನು ಉಳಿಸಿಕೊಂಡದ್ದು ಆ ಬೋರೆಯ ಬೆಳಗುಗಳನ್ನು ಮಾತ್ರ. ಹಾಸ್ಟೆಲಿನಲ್ಲಿ, ಆಮೇಲೆ ಕೆಲಸದ ಊರುಗಳಲ್ಲಿ, ನಿದ್ದೆ ಬಾರದಾಗೆಲ್ಲ ಕಣ್ಣು ಮುಚ್ಚಿ ಅತ್ತಿಗೆಯ ಸೊಂಟ ಹಿಡಿದು ಆ ದಾರಿಯಲ್ಲಿ ಹೋಗಿ ಬರುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಹತ್ತು ಹದಿನೈದು ವರ್ಷಗಳಾದ ಮೇಲೆ ಟಿ. ನರಸೀಪುರದ ಬಸ್ ನಿಲ್ದಾಣದಲ್ಲಿ ಅತ್ತಿಗೆ ಸಿಕ್ಕಳು. ನನಗಿಂತ ಮೊದಲು ಅವಳೇ ಗುರುತು ಹಿಡಿದಳು. ಕೂದಲು ನರೆತಿತ್ತು, ಹೆಗಲಿಗೆ ಬ್ಯಾಗಿತ್ತು, ಅಲ್ಲೇ ಯಾವುದೋ ಹಳ್ಳಿಯ ಅಂಗನವಾಡಿಯಲ್ಲಿ ಕೆಲಸ ಅಂದಳು. ನನ್ನ ಕೆನ್ನೆ ಹಿಡಿದು "ಎಷ್ಟ್ ಬೆಳ್ದ್‌ಬುಟ್ಟಿದ್ದೀಯವ್ವ" ಅಂದಳು. ಇಬ್ಬರಿಗೂ ಸೇರಿದ್ದು ಅಂತ ನಾನು ಅಂದುಕೊಂಡಿದ್ದ ಒಂದೇ ಒಂದನ್ನು ಎತ್ತಿದೆ. "ಅತ್ಗೆ, ನಮ್ ಬೋರೆ ದಾರಿ ಎಷ್ಟ್ ಚೆಂದಾಗಿತ್ತು, ಅಲ್ವಾ?"

ಅತ್ತಿಗೆ ನನ್ನ ಕೆನ್ನೆಯಿಂದ ಕೈ ತೆಗೆದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಂಗ್ ಚೆಂದಾಗಿತ್ತು ಬುಡವ್ವ, ನೀನ್ ಇಂದ್ಗಡೆ ಕುಂತಿದ್ದೆ. ನಂಗೆ ಒಂದಿನಾನೂ ಅಲ್ಲಿ ಗಿಡ ಕಂಡಿಲ್ಲ, ಕೌಜುಗ ಕಂಡಿಲ್ಲ. ಯಾವ್ ಪೊದೆ ಇಂದ ಯಾರ್ ಎದ್ ಬತ್ತಾರೋ ಅಂತ ಜೀವ ಕೈಲಿಡ್ಕಂಡು ತುಳೀತಿದ್ದೆ. ಜೊತೇಗ್ ಕೊಟ್ಟಿದ್ದು ಮಗೀನ." ಅವಳ ಬಸ್ಸು ಬಂತು. ನುಗ್ಗುವ ಜನರ ನಡುವೆ, ಎಲ್ಲರಂತೆ ಭುಜ ಕೊಟ್ಟು ಜಾಗ ಮಾಡಿಕೊಂಡು ಹತ್ತಿದಳು. ಬಸ್ಸು ಹೊರಟ ಮೇಲೂ ನಾನು ಅಲ್ಲೇ ನಿಂತಿದ್ದೆ. ಆವತ್ತು ರಾತ್ರಿ ಕಣ್ಣು ಮುಚ್ಚಿದಾಗ ದಾರಿ ಹಾಗೇ ಇತ್ತು, ಆದರೆ ಅವಳ ಸೊಂಟ ಹಿಡಿದುಕೊಳ್ಳಲು ನನಗೆ ಮುಖವಿರಲಿಲ್ಲ.