ಬೋರೆಹೊಲದ ಕೊನೆಯ ರಾಗಿ

ಮಗಳಿಗೆ ರಾಗಿಸರಿ ಮಾಡಲೆಂದು ನೆನೆಸಿದ ರಾಗಿಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿಟ್ಟಿದ್ದೆ. ಗಂಟು ಬಿಚ್ಚಿದಾಗ ಏಳುವ ಆ ಹಸಿ ಸಿಹಿ ವಾಸನೆ ಎಷ್ಟೋ ಮನೆಗಳಲ್ಲಿ ಎಳೆಗೂಸಿನ ವಾಸನೆ. ನನಗೆ ಮಾತ್ರ ಅದು ಕೆರೆ ಒಡೆದ ವರ್ಷದ ವಾಸನೆ. ಆ ವರ್ಷ ನಮ್ಮ ಹೊಲಗಳೆಲ್ಲ ಹೀಗೇ ಮೊಳಕೆಯ ವಾಸನೆ ಹೊಡೆಯುತ್ತಿದ್ದವು.

ಹೊಂಗನೂರಿನಿಂದ ಚನ್ನಪಟ್ಟಣಕ್ಕೆ ಹೋಗುವ ಬಸ್ಸಿನ ದಾರಿಯಲ್ಲಿ ನಮ್ಮೂರು. ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ, ಅಪ್ಪ, ಅವ್ವ, ನಾನು, ಎಲ್ಲ ಒಂದೇ ಒಲೆಯ ಅಡುಗೆ ಉಣ್ಣುತ್ತಿದ್ದೆವು. ಕೆರೆಯ ಕೆಳಗೆ ನಮ್ಮ ದೊಡ್ಡ ಹೊಲ, ಊರಾಚೆಯ ಎತ್ತರದಲ್ಲಿ ಬೋರೆಹೊಲ. ಬೋರೆಹೊಲ ಅಷ್ಟು ಹೊತ್ತಿಗಾಗಲೇ ಕಾರ್ಖಾನೆಯ ಪಾಲಾಗಿತ್ತು. ಕಲ್ಲುಕಂಬ ನೆಟ್ಟು ತಂತಿ ಬಿಗಿದಿದ್ದರೂ ಕಟ್ಟಡ ಇನ್ನೂ ಎದ್ದಿರಲಿಲ್ಲ. ಕೆಳಗಿನ ಹೊಲದ ಬಿತ್ತನೆ ಮುಗಿದು ಎಷ್ಟೋ ದಿನವಾದ ಮೇಲೆ ದೊಡ್ಡಪ್ಪ, ಗೇಟು ಇಟ್ಟಿರದ ಸಂದಿನಲ್ಲಿ ಎತ್ತು ಹೊಡೆದುಕೊಂಡು ಹೋಗಿ ಅಲ್ಲೂ ಉತ್ತು ರಾಗಿ ಚೆಲ್ಲಿ ಬಂದ. ಕೊಟ್ಟ ಜಮೀನಿನಲ್ಲಿ ಬೇಸಾಯವೇ ಎಂದು ಊರು ನಕ್ಕಿತು. ಅಪ್ಪ ನಾಚಿಕೆಯಿಂದ ಗದರಿಕೊಂಡಾಗ ದೊಡ್ಡಪ್ಪ, "ಸುಮ್ಕೆ ಬಿದ್ದಿರೋ ಭೂಮಿ ನೋಡಕ್ಕಾಗಕಿಲ್ಲ ಕಣ್ಲಾ" ಅಂದನಷ್ಟೆ.

ಕೆಳಗಿನ ಹೊಲದಲ್ಲಿ ತೆನೆ ಬಲಿತು ಕುಯ್ಲಿಗೆ ಬಂದಿದ್ದಾಗ ಮಳೆ ಹಿಡಿಯಿತು. ಮೇಲಿನ ಕೆರೆಗಳು ಒಂದೊಂದಾಗಿ ಕೋಡಿ ಬಿದ್ದು, ಕೊನೆಗೆ ನಮ್ಮ ಕೆರೆಯ ಏರಿ ಒಡೆಯಿತು. ನೀರಿಳಿದ ಮೇಲೆ ಹೋಗಿ ನೋಡಿದರೆ ಪೈರೆಲ್ಲ ನೆಲ ಕಚ್ಚಿತ್ತು, ಕಾಳು ತೆನೆಯಲ್ಲೇ ಮೊಳೆತು ಬಿಳಿ ಬೇರು ಬಿಟ್ಟಿತ್ತು. ಅಜ್ಜಿ ಒಂದು ತೆನೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಆ ರಾಗಿಯನ್ನೇ ಒಣಗಿಸಿ ಬೀಸಿ ಮುದ್ದೆ ಮಾಡಿದರೆ ಅದು ನಿಲ್ಲದೆ ತಟ್ಟೆಯ ತುಂಬ ಹರಡಿಕೊಂಡಿತು. ಅಂಬಲಿ ಕಾಯಿಸಿ ಕುಡಿದೆವು.

ಆಮೇಲೆ ಅಜ್ಜಿ ಅಂಗಳದ ಹಗೇವು ತೆಗೆಸಿದಳು. ತಾತನ ಕಾಲದಲ್ಲಿ ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ ನೆಲದೊಳಗಿನ ಕಣಜ ಅದು. ಪುಣ್ಯಕ್ಕೆ ನಮ್ಮ ಬೀದಿ ಎತ್ತರದಲ್ಲಿದ್ದು ನೀರು ಅಲ್ಲಿಗೆ ಮುಟ್ಟಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಬಾಯಿ ತೆರೆದಿಟ್ಟು, ಮಾರನೆಯ ದಿನ ದೀಪ ಇಳಿಬಿಟ್ಟು, ಅದು ಆರದಿದ್ದುದನ್ನು ನೋಡಿ ದೊಡ್ಡಪ್ಪ ಒಳಗಿಳಿದ. ಮಂಕರಿ ಮಂಕರಿ ರಾಗಿ ಮೇಲೆ ಬಂತು. ದೊಡ್ಡಮ್ಮ ಮೊರದಲ್ಲಿ ಮನೆಮನೆಗೂ ಹಂಚಿದಳು. ಅಂದು ನಮ್ಮ ಬೀದಿಯಲ್ಲೆಲ್ಲ ಮುದ್ದೆ ಕೂಡಿಸುವ ಸದ್ದು.

ಅಜ್ಜಿಯ ಮುಖ ಮಾತ್ರ ಗೆಲುವಾಗಲಿಲ್ಲ. ಆ ರಾಗಿಯನ್ನು ಒಂದು ಹಿಡಿ ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡಿದ್ದಳು. ಒಂದು ಕಾಳೂ ಮೊಳೆತಿರಲಿಲ್ಲ. "ಇದು ಹೊಟ್ಟೆಗಾಯ್ತದೆ, ಭೂಮಿಗಾಗಕಿಲ್ಲ" ಅಂದಳು. ಬಿತ್ತನೆ ರಾಗಿ ಪೇಟೆಯಲ್ಲಿ ಸಿಕ್ಕೀತು, ಊರಿಗೆಲ್ಲ ಸಾಲುತ್ತದೋ ಇಲ್ಲವೋ ಹೇಳಲಾಗದು ಎಂದು ಅಪ್ಪ ವಿಚಾರಿಸಿ ಬಂದು ಹೇಳಿದ. ಆಗ ಎಲ್ಲರ ಕಣ್ಣೂ ಬೋರೆಯ ಕಡೆ ತಿರುಗಿತು. ಎತ್ತರದ ನೆಲದಲ್ಲಿ ನೀರು ನಿಂತಿರಲಿಲ್ಲ. ತಡವಾಗಿ ಬಿತ್ತಿದ್ದ ಪೈರು ಮಳೆಯ ಹೊತ್ತಿಗೆ ಇನ್ನೂ ಹಸಿರಾಗಿತ್ತು, ಈಗ ಕಾಳಿಗೆ ಹಾಲು ತುಂಬುತ್ತಿತ್ತು. ಆದರೆ ಗೇಟು ಬಂದಿತ್ತು, ನೆಲ ಸಮ ಮಾಡುವ ಯಂತ್ರವೂ ಬಂದು ನಿಂತಿತ್ತು.

ಅಜ್ಜಿ ನನ್ನನ್ನೂ ದೊಡ್ಡಪ್ಪನನ್ನೂ ಕರೆದುಕೊಂಡು ಹೋದಳು. ಕೆಲಸ ನೋಡಿಕೊಳ್ಳುತ್ತಿದ್ದವನು ತಮಿಳು ಸೀಮೆಯ ಸೂಪರ್‌ವೈಸರ್. ದೊಡ್ಡಪ್ಪ ಪೈರಿನ ಕಡೆ ಕೈ ತೋರಿಸಿದ. ಅಜ್ಜಿಯೇ ಅಂದಳು: "ಭೂಮಿ ನಿಮ್ದೇಯ ಸ್ವಾಮಿ. ಕಾಳು ಗಟ್ಟಿಯಾಗೋಗಂಟ ಒಸಿ ಬುಡಿ. ಬಿತ್ತಕ್ಕೆ ಊರಲ್ಲಿ ಬ್ಯಾರೆ ಕಾಳಿಲ್ಲ."

ಅವನು ಪೈರಿನೊಳಕ್ಕೆ ನಾಲ್ಕು ಹೆಜ್ಜೆ ಹೋಗಿ ಒಂದು ತೆನೆ ಮುಟ್ಟಿ ನೋಡಿದ. "ಆ ಕಡೆಯಿಂದ ಶುರು ಮಾಡಿಸ್ತೀನಮ್ಮ. ಈ ಕಡೆ ಬರೋಷ್ಟರಲ್ಲಿ ಕುಯ್ಕೊಳ್ಳಿ."

ಶಾಲೆ ಬಿಟ್ಟೊಡನೆ ನಾನು ಬೋರೆಗೆ ಓಡುತ್ತಿದ್ದೆ. ಯಂತ್ರ ದಿನದಿನಕ್ಕೂ ಹತ್ತಿರ ಬರುತ್ತಿತ್ತು, ಅಜ್ಜಿ ದಿನವೂ ಒಂದು ಕಾಳು ಹಲ್ಲಿನಡಿ ಇಟ್ಟು ಕಡಿದು ನೋಡುತ್ತಿದ್ದಳು. ಕೆಂಪು ಧೂಳು ತೆನೆಗಳ ಮೇಲೆ ಕೂರತೊಡಗಿದಾಗ, "ನಾಳೆ" ಅಂದಳು. ಮರುದಿನ, ಅಂದು ನಕ್ಕಿದ್ದವರೆಲ್ಲ ಕುಡುಗೋಲು ಹಿಡಿದು ಬಂದರು. ಡ್ರೈವರ್ ಯಂತ್ರ ನಿಲ್ಲಿಸಿ, ಅದರ ನೆರಳಲ್ಲಿ ಕೂತು ನೋಡುತ್ತಿದ್ದ. ಕೊನೆಯ ಹಿಡಿ ಕೊಯ್ದ ಮೇಲೆ ದೊಡ್ಡಪ್ಪ ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಮತ್ತೆಂದೂ ಆ ಕಡೆ ಹೋಗಲಿಲ್ಲ.

ಒಕ್ಕಿದ ರಾಗಿಗೆ ಹುಳು ಹತ್ತದಂತೆ ಬೂದಿ ಬೆರೆಸಿ, ಬಿತ್ತನೆಗೆ ಬೇಕೆಂದವರಿಗೆಲ್ಲ ಅಳೆದು ಕೊಟ್ಟರು. ಅಜ್ಜಿ ಹೋಗಿ, ದೊಡ್ಡಪ್ಪನೂ ಹೋಗಿ ಎಷ್ಟೋ ಕಾಲವಾಯಿತು. ಹಗೇವಿದ್ದ ಅಂಗಳದ ಮೇಲೆ ಯಾರದೋ ತಾರಸಿ ಮನೆ ಎದ್ದಿದೆ. ಬೋರೆಯ ಕಾರ್ಖಾನೆಯಲ್ಲಿ ಪಾಳಿ ಬಿಟ್ಟಾಗ ಊರಿನ ಹೆಣ್ಣುಮಕ್ಕಳು ನಗುತ್ತ ಬಸ್ಸಿಗೆ ಓಡುತ್ತಾರೆ. ನಿಮ್ಮೂರಿನಲ್ಲೂ ಇಂಥದೊಂದು ಹೊಲ ಇದ್ದಿರಬೇಕು. ಅದರ ಹೆಸರು ಹೇಳುವವರು ಈಗ ನಿಮ್ಮಲ್ಲೂ ಕಡಿಮೆಯಾಗಿರಬೇಕು.

ಕೆರೆ ಒಡೆದ ಮರುವರ್ಷದ ಮಳೆಗಾಲದ ಒಂದು ಸಂಜೆ, ಹೊಸ ಮಣ್ಣು ಹಾಕಿ ಕಟ್ಟಿದ ಏರಿಯ ಮೇಲೆ ಅಜ್ಜಿಯ ಕೈ ಹಿಡಿದು ನಿಂತಿದ್ದೆ. ಕೆಳಗೆ ಕಣ್ಣು ಹಾಯುವವರೆಗೂ ರಾಗಿ ಎದ್ದಿತ್ತು. ನಮ್ಮ ಹೊಲ ಎಲ್ಲಿ ಮುಗಿದು ಪಕ್ಕದವರದು ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ದೊಡ್ಡಪ್ಪ ಏರಿ ಇಳಿದು ಹೋದವನು, ಇನ್ನೊಬ್ಬರ ಹೊಲವೆಂಬುದನ್ನೂ ಮರೆತು, ಬಗ್ಗಿ ಕಳೆ ಕೀಳತೊಡಗಿದ.